ಆರ್‌ಎಕ್ಸ್‌ 100 ಸರ್ವಿಸ್‌ ಮನೆಯಲ್ಲೇ ಮಾಡಬಹುದು, ಆದರೆ ದೆಹಲಿಯಲ್ಲಿ ಓಡಿಸುವಂತಿಲ್ಲ! ಏಕೆ?

ನವದೆಹಲಿ: ಫರೀದಾಬಾದ್‌ನ ಎಸ್ಕಾರ್ಟ್ಸ್‌ ಕಂಪನಿ 1985ರಲ್ಲಿ ಮಾರುಕಟ್ಟೆಗೆ ತಂದ ಯಮಹಾ ಆರ್‌ಎಕ್ಸ್‌ 100 ಬೈಕನ್ನು ಮನೆಯಲ್ಲೇ ಸರ್ವಿಸ್‌ ಮಾಡುವುದು ಕಷ್ಟವೇನಲ್ಲ. 98 ಸಿಸಿಯ ಈ ಟೂ ಸ್ಟ್ರೋಕ್‌ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್‌ ಇಲ್ಲ, ವಾಲ್ವ್‌ ಹೊಂದಿಸುವ ರಗಳೆಯೂ ಇಲ್ಲ.

ಆದರೆ ಇಲ್ಲಿ 2ಟಿ ಆಯಿಲ್‌ ಪೆಟ್ರೋಲ್‌ ಜತೆಗೇ ಉರಿಯುವುದರಿಂದ ಪ್ಲಗ್‌ ಮತ್ತು ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ. ಪಿಕಪ್‌ ಕಡಿಮೆಯಾದರೆ ಮೊದಲು ಪ್ಲಗ್‌ ಬಿಚ್ಚಿ ನೋಡಿ. ತುದಿ ಕಂದು ಬಣ್ಣದಲ್ಲಿದ್ದರೆ ಚಿಂತೆಯಿಲ್ಲ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್‌ ಅಥವಾ ಪೆಟ್ರೋಲ್‌ ಹೆಚ್ಚಾಗಿರಬಹುದು. ಬೆಳ್ಳಗಾಗಿದ್ದರೆ ಮಾತ್ರ ಓಡಿಸಬೇಡಿ, ಎಂಜಿನ್‌ ಅತಿಯಾಗಿ ಬಿಸಿಯಾಗಿ ಪಿಸ್ಟನ್‌ ಜಾಮ್‌ ಆದೀತು. ಗೇರ್‌ ಬಾಕ್ಸ್‌ ಆಯಿಲ್‌ ಬೇರೆಯೇ. ಅದಕ್ಕೆ 2ಟಿ ಸುರಿಯುವಂತಿಲ್ಲ.

ಇಷ್ಟೆಲ್ಲಾ ಮಾಡಿದರೂ ದೆಹಲಿ-ಎನ್‌ಸಿಆರ್‌ನಲ್ಲಿ ಈ ಬೈಕ್‌ ರಸ್ತೆಗಿಳಿಯುವಂತಿಲ್ಲ. 15 ವರ್ಷ ಮೀರಿದ ಪೆಟ್ರೋಲ್‌ ವಾಹನಗಳ ಮೇಲಿನ ಎನ್‌ಜಿಟಿ ನಿಷೇಧವನ್ನು ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್‌ 2018ರಲ್ಲಿ ಸೂಚಿಸಿತ್ತು. ಆರ್‌ಎಕ್ಸ್‌ 100 ಉತ್ಪಾದನೆ ನಿಂತಿದ್ದೇ 1996ರಲ್ಲಿ. ಆಗ ಲೆಕ್ಕಕ್ಕೆ ಬಂದಿದ್ದು ಗಾಡಿಯ ವಯಸ್ಸು, ಹೊಗೆಯ ಪ್ರಮಾಣವಲ್ಲ. ವಿಂಟೇಜ್‌ ನೋಂದಣಿಗೆ 50 ವರ್ಷ ತುಂಬಬೇಕು. ಅಂದರೆ ಮೊದಲ ಬೈಕ್‌ಗಳೂ 2035ರವರೆಗೆ ಕಾಯಬೇಕು! ಅಲ್ಲಿಯವರೆಗೆ ಆರ್‌ಟಿಒ ಎನ್‌ಒಸಿ ಪಡೆದು ಬೇರೆ ರಾಜ್ಯಕ್ಕೆ ಕಳುಹಿಸುವುದು ಒಂದು ದಾರಿ. ಕರ್ನಾಟಕದಲ್ಲಾದರೆ ಫಿಟ್‌ನೆಸ್‌ ಪರೀಕ್ಷೆಯಲ್ಲಿ ಪಾಸಾಗಿ, ಹಸಿರು ತೆರಿಗೆ ಕಟ್ಟಿದರೆ ಹಳೆಯ ಬೈಕ್‌ನ ಆರ್‌ಸಿ 5 ವರ್ಷಕ್ಕೆ ನವೀಕರಣವಾಗುತ್ತದೆ.