ಟೈಮಿಂಗ್ ಬೆಲ್ಟ್: ಮನೆಯಂಗಳದಲ್ಲೇ ಬದಲಿಸಬಹುದು, ಆದರೆ ಒಂದು ಹಲ್ಲೂ ತಪ್ಪಬಾರದು

ಹೆದ್ದಾರಿಯಲ್ಲಿ ಸರಾಗವಾಗಿ ಸಾಗುತ್ತಿದ್ದ ಕಾರು ಯಾವ ಮುನ್ಸೂಚನೆಯೂ ಇಲ್ಲದೆ ಹಠಾತ್ತನೆ ಸ್ಥಗಿತಗೊಳ್ಳುತ್ತದೆ. ಪೆಟ್ರೋಲ್ ಇದೆ, ಬ್ಯಾಟರಿ ಸರಿಯಾಗಿದೆ. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ವೇಗವಾಗಿ ಸುತ್ತುತ್ತದೆ; ಎಂಜಿನ್ ಮಾತ್ರ ಚಾಲೂ ಆಗುವುದಿಲ್ಲ. ಎಂಜಿನಿನ ಮಗ್ಗುಲಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿರುವ ಹಲ್ಲುಳ್ಳ ರಬ್ಬರ್ ಪಟ್ಟಿಯೊಂದು ತುಂಡಾದಾಗ ಕಂಡುಬರುವ ಲಕ್ಷಣವಿದು. ಅದೇ ಟೈಮಿಂಗ್ ಬೆಲ್ಟ್.

ಈ ಪಟ್ಟಿಯ ಬೆಲೆಗೂ ಅದು ತುಂಡಾದರೆ ಆಗುವ ನಷ್ಟಕ್ಕೂ ಅಜಗಜಾಂತರವಿದೆ. ಹಳೆಯ ಕಾರಾದರೆ ದುರಸ್ತಿಯ ವೆಚ್ಚವು ಕಾರಿನ ಬೆಲೆಯನ್ನೇ ಮೀರಿ, ವಾಹನ ಗುಜರಿ ಸೇರುವುದೂ ಉಂಟು. ಇದನ್ನು ಹವ್ಯಾಸಿಯೊಬ್ಬರು ಮನೆಯಲ್ಲೇ ಬದಲಿಸಬಹುದೇ? ಬದಲಿಸಬಹುದು. ಈ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಮುಖ್ಯ. ಎಲ್ಲಿ ನಿಲ್ಲಿಸಬೇಕೆಂಬ ವಿವೇಕವೂ ಬೇಕು.

ಪಟ್ಟಿಯ ಕೆಲಸವೇನು?

ಪಿಸ್ಟನ್‌ಗಳ ಏರಿಳಿತವು ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತದೆ. ಕವಾಟಗಳನ್ನು, ಅಂದರೆ ವಾಲ್ವ್‌ಗಳನ್ನು ತೆರೆಯುವುದು ಕ್ಯಾಮ್ ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಈ ಹೊಂದಾಣಿಕೆ ತಪ್ಪದಂತೆ ನೋಡಿಕೊಳ್ಳುವುದೇ ಪಟ್ಟಿಯ ಹೊಣೆ.

ಹಿಂದೆ ಈ ಕೆಲಸಕ್ಕೆ ಲೋಹದ ಸರಪಳಿ ಅಥವಾ ಹಲ್ಲುಗಾಲಿಗಳಿದ್ದವು. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿಯು ತನ್ನ 1004 ಮಾದರಿಯಲ್ಲಿ ರಬ್ಬರ್ ಪಟ್ಟಿಯನ್ನು ಬಳಸಿತು. ಸದ್ದು ಕಡಿಮೆ, ತೂಕ ಕಡಿಮೆ, ವೆಚ್ಚವೂ ಕಡಿಮೆ. ಭಾರತದಲ್ಲಿ ಮಾರುತಿ 800, ಝೆನ್, 1998ರಲ್ಲಿ ಬಂದ ಹ್ಯುಂಡೈ ಸ್ಯಾಂಟ್ರೊ ಮತ್ತು ಟಾಟಾ ಇಂಡಿಕಾ ಡೀಸೆಲ್ ಕಾರುಗಳಲ್ಲಿ ಇದೇ ವ್ಯವಸ್ಥೆಯಿತ್ತು. 2008ರಿಂದ ಬಂದ ಮಾರುತಿಯ ಕೆ-ಸರಣಿಯ ಎಂಜಿನುಗಳಲ್ಲಿ ಸರಪಳಿ ಇದೆ. ತಮ್ಮ ಕಾರಿನಲ್ಲಿ ಯಾವುದಿದೆ ಎಂಬುದನ್ನು ಮಾಲೀಕರು ಮೊದಲು ಖಚಿತಪಡಿಸಿಕೊಳ್ಳುವುದು ಒಳಿತು.

ಡಿಕ್ಕಿಯ ಅಪಾಯ

ಅನೇಕ ಎಂಜಿನುಗಳಲ್ಲಿ ಪೂರ್ಣ ತೆರೆದ ಕವಾಟವೂ ಮೇಲೇರಿದ ಪಿಸ್ಟನ್ನೂ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುತ್ತವೆ. ಪಟ್ಟಿ ತುಂಡಾದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ಮಾತ್ರ ಚಲಿಸುತ್ತಲೇ ಇರುತ್ತದೆ. ಪಿಸ್ಟನ್ ಬಡಿದು ಕವಾಟಗಳು ಬಾಗುತ್ತವೆ. ಡೀಸೆಲ್ ಎಂಜಿನುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಪಟ್ಟಿಯನ್ನು ತಪ್ಪಾಗಿ ಜೋಡಿಸಿದರೂ ಇದೇ ಹಾನಿ ಸಂಭವಿಸಬಹುದು. ಒಂದು ಹಲ್ಲು ಹಿಂದುಮುಂದಾದರೆ ಎಂಜಿನ್ ಒರಟಾಗಿ ಓಡುತ್ತದೆ; ಹಲವು ಹಲ್ಲು ತಪ್ಪಿದರೆ ಡಿಕ್ಕಿಯೇ ಗತಿ.

ಬದಲಿಸುವುದು ಯಾವಾಗ?

ಸಾಮಾನ್ಯವಾಗಿ 60 ಸಾವಿರದಿಂದ 1 ಲಕ್ಷ ಕಿ.ಮೀ. ನಡುವೆ ಬದಲಿಸಬೇಕಾಗುತ್ತದೆ. ಆಯಾ ಕಾರಿನ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಕಡಿಮೆ ಓಡಿದ ಕಾರಾದರೂ ವರ್ಷಗಳು ಕಳೆದಂತೆ ರಬ್ಬರ್ ಹಣ್ಣಾಗುತ್ತದೆ. ಎಂಜಿನ್ ಆಯಿಲ್ ತಾಗಿದ ಪಟ್ಟಿ ಇನ್ನೂ ಬೇಗ ಕೆಡುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಒಂದು ಕಿವಿಮಾತು: ಬೆಲ್ಟ್ ಬದಲಿಸಿದ ರಸೀದಿ ಇಲ್ಲವೆಂದರೆ ಬದಲಿಸಿಲ್ಲವೆಂದೇ ಭಾವಿಸಬೇಕು.

ಸಿದ್ಧತೆ

ಆಯಾ ಮಾದರಿಯ ದುರಸ್ತಿ ಕೈಪಿಡಿ, ಸಾಕೆಟ್ ಸ್ಪ್ಯಾನರುಗಳ ಸೆಟ್, ಟಾರ್ಕ್ ವ್ರೆಂಚ್, ಜ್ಯಾಕ್, ಕಾರನ್ನು ಹೊತ್ತು ನಿಲ್ಲುವ ಗಟ್ಟಿಯಾದ ಸ್ಟ್ಯಾಂಡುಗಳು, ಬಿಳಿ ಬಣ್ಣ ಅಥವಾ ಮಾರ್ಕರ್ ಬೇಕು. ಬೆಲ್ಟಿನ ಜೊತೆಗೆ ಅದನ್ನು ಬಿಗಿಯಾಗಿಡುವ ಟೆನ್ಷನರನ್ನೂ ಹೊಸದಾಗಿ ಹಾಕುವುದು ಕ್ಷೇಮ. ಕೆಲವು ಎಂಜಿನುಗಳಲ್ಲಿ ಇದೇ ಪಟ್ಟಿ ವಾಟರ್ ಪಂಪನ್ನೂ ತಿರುಗಿಸುತ್ತದೆ. ಅಲ್ಲಿ ಪಂಪನ್ನೂ ಒಟ್ಟಿಗೇ ಬದಲಿಸಿದರೆ ಎರಡನೆಯ ಬಾರಿ ಬಿಚ್ಚುವ ಶ್ರಮ ತಪ್ಪುತ್ತದೆ.

ಅನುಭವಿ ಮೆಕ್ಯಾನಿಕ್ ಕೆಲವೇ ತಾಸುಗಳಲ್ಲಿ ಮುಗಿಸುವ ಈ ಕೆಲಸಕ್ಕೆ ಹೊಸಬರು ಇಡೀ ದಿನ ಮೀಸಲಿಡಬೇಕು. ಸೋಮವಾರ ಬೆಳಿಗ್ಗೆ ಕಾರು ಬೇಕೇ ಬೇಕು ಎನ್ನುವವರು ಭಾನುವಾರ ಸಂಜೆ ಇದಕ್ಕೆ ಕೈ ಹಾಕದಿರುವುದು ಲೇಸು.

ಕೆಲಸದ ಕ್ರಮ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕಾರಿನ ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರೀ ಜ್ಯಾಕಿನ ಆಸರೆಯಲ್ಲಿರುವ ಕಾರಿನ ಕೆಳಗೆ ಯಾವ ಕಾರಣಕ್ಕೂ ನುಸುಳಕೂಡದು. ಬೆಲ್ಟ್ ಇರುವ ಬದಿಯ ಚಕ್ರ ಹಾಗೂ ಆಲ್ಟರ್ನೇಟರ್, ಎ.ಸಿ. ಬೆಲ್ಟುಗಳನ್ನು ತೆಗೆಯಬೇಕು. ಆ ಬದಿಯ ಎಂಜಿನ್ ಮೌಂಟ್ ಕಳಚಬೇಕಾದಲ್ಲಿ, ಎಂಜಿನಿನ ಕೆಳಗೆ ಮರದ ತುಂಡಿಟ್ಟು ಇನ್ನೊಂದು ಜ್ಯಾಕಿನಿಂದ ಮೊದಲೇ ಆಧಾರ ಕೊಡಬೇಕು.

ಕ್ರ್ಯಾಂಕ್ ಪುಲಿಯ ಬೋಲ್ಟ್ ಬಹಳ ಬಿಗಿಯಾಗಿರುತ್ತದೆ. ಗೇರ್ ಬದಲಿಸುವ ಕಾರಾದರೆ ಐದನೆಯ ಗೇರಿನಲ್ಲಿಟ್ಟು, ಜೊತೆಗಾರರೊಬ್ಬರು ಬ್ರೇಕ್ ಒತ್ತಿ ಹಿಡಿದರೆ ಎಂಜಿನ್ ತಿರುಗದೆ ಬೋಲ್ಟ್ ಸಡಿಲವಾಗುತ್ತದೆ. ಮುಚ್ಚಳ ತೆಗೆಯುವ ಮುನ್ನ ಗೇರನ್ನು ನ್ಯೂಟ್ರಲ್‌ಗೆ ತರಬೇಕು.

ಈಗ ಮುಖ್ಯ ಘಟ್ಟ. ಎಂಜಿನನ್ನು ಅದರ ಸಹಜ ದಿಕ್ಕಿನಲ್ಲೇ ಸ್ಪ್ಯಾನರಿನಿಂದ ತಿರುಗಿಸುತ್ತಾ, ಕ್ರ್ಯಾಂಕ್ ಮತ್ತು ಕ್ಯಾಮ್ ಗಾಲಿಗಳ ಮೇಲಿನ ಗುರುತುಗಳು ಎಂಜಿನ್ ಮೇಲಿನ ಗುರುತುಗಳಿಗೆ ಸರಿಹೊಂದುವಂತೆ ನಿಲ್ಲಿಸಬೇಕು. ಕ್ರ್ಯಾಂಕಿನ ಗುರುತು ಮಾತ್ರ ಸರಿಯಿದ್ದು ಕ್ಯಾಮಿನದು ಎದುರು ದಿಕ್ಕಿನಲ್ಲಿದ್ದರೆ ಗಾಬರಿಪಡಬೇಕಿಲ್ಲ. ಕ್ರ್ಯಾಂಕನ್ನು ಇನ್ನೊಂದು ಸುತ್ತು ತಿರುಗಿಸಿದರೆ ಎರಡೂ ಸೇರುತ್ತವೆ. ಬಿಳಿ ಬಣ್ಣ ಹಚ್ಚಿ, ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು.

ಟೆನ್ಷನರ್ ಸಡಿಲಿಸಿ ಹಳೆಯ ಪಟ್ಟಿಯನ್ನು ತೆಗೆದ ನಂತರ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ತಿರುಗಿಸಬಾರದು. ಕೆಲವು ಎಂಜಿನುಗಳಲ್ಲಿ ಕವಾಟದ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ತಾನಾಗಿಯೇ ಜಿಗಿಯುವುದುಂಟು. ಅಂಥವಕ್ಕೆ ಕೈಪಿಡಿ ಹೇಳುವ ಲಾಕಿಂಗ್ ಉಪಕರಣ ಅಗತ್ಯ. ಹಳೆಯ ಮತ್ತು ಹೊಸ ಪಟ್ಟಿಯ ಹಲ್ಲುಗಳನ್ನು ಎಣಿಸಿ ತಾಳೆ ನೋಡಬೇಕು. ಸುತ್ತಲಿನ ಸೀಲುಗಳಲ್ಲಿ ಆಯಿಲ್ ಸೋರುತ್ತಿದ್ದರೆ ಅವನ್ನೂ ಈಗಲೇ ಬದಲಿಸಬೇಕು.

ಹೊಸ ಪಟ್ಟಿಯನ್ನು ತಿರುಚಬಾರದು, ಮಡಿಸಬಾರದು, ಸ್ಕ್ರೂಡ್ರೈವರಿನಿಂದ ಮೀಟಿ ಕೂರಿಸಬಾರದು. ಅದರ ಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ತಿರುಗುವ ದಿಕ್ಕಿಗಿರಬೇಕು. ಟೆನ್ಷನರ್ ಇಲ್ಲದ ಬದಿಯಲ್ಲಿ ಪಟ್ಟಿ ಜೋಲದೆ ಬಿಗಿಯಾಗಿರಬೇಕು. ಹೊಸಬರು ಎಡವುವುದು ಇಲ್ಲಿಯೇ. ಆ ಬದಿಯಲ್ಲಿ ಸಡಿಲವಿದ್ದರೆ, ಟೆನ್ಷನರ್ ಎಳೆದೊಡನೆ ಗಾಲಿ ಸರಿದು ಗುರುತು ತಪ್ಪುತ್ತದೆ. ಬಿಗಿತವನ್ನು ಕೈಪಿಡಿಯಲ್ಲಿ ಹೇಳಿದಂತೆಯೇ ಹೊಂದಿಸಬೇಕು.

ಕೈಯಿಂದಲೇ ಎರಡು ಸುತ್ತು

ಇಷ್ಟಾದ ಮೇಲೆ ಕೀಲಿ ತಿರುಗಿಸುವ ಆತುರ ಸಹಜ. ಆ ಆತುರವೇ ಶತ್ರು. ಮೊದಲು ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನು ಕೈಯಿಂದಲೇ ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಗುರುತುಗಳು ಮತ್ತೆ ಸರಿಯಾಗಿ ಕೂಡಿದರೆ ಜೋಡಣೆ ಸರಿಯಿದೆ ಎಂದರ್ಥ. ಅರ್ಧ ಹಲ್ಲಿನಷ್ಟು ಅಂತರ ಕಂಡರೂ ಪಟ್ಟಿಯನ್ನು ಬಿಚ್ಚಿ ಪುನಃ ಹಾಕಬೇಕು. ತಿರುಗಿಸುವಾಗ ಮಧ್ಯದಲ್ಲಿ ಗಟ್ಟಿಯಾಗಿ ತಡೆದಂತಾದರೆ ಬಲ ಪ್ರಯೋಗಿಸಕೂಡದು: ಕವಾಟಕ್ಕೆ ಪಿಸ್ಟನ್ ತಾಗಿರಬಹುದು. ಕೈಯ ವೇಗದಲ್ಲಿ ತಿಳಿದ ತಪ್ಪನ್ನು ತಿದ್ದಬಹುದು. ಅದೇ ತಪ್ಪು ಸ್ಟಾರ್ಟರಿನ ವೇಗದಲ್ಲಿ ತಿಳಿಯುವ ಹೊತ್ತಿಗೆ ಕವಾಟಗಳು ಬಾಗಿರುತ್ತವೆ.

ಎಲ್ಲವೂ ಸರಿಯಿದ್ದರೆ ಮುಚ್ಚಳ, ಪುಲಿ, ಮೌಂಟ್, ಉಳಿದ ಬೆಲ್ಟುಗಳನ್ನು ಜೋಡಿಸಿ, ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ನಿಗದಿತ ಅಳತೆಗೆ ಬಿಗಿಯಬೇಕು. ದಿನಾಂಕ ಹಾಗೂ ಓಡಿದ ಕಿಲೋಮೀಟರನ್ನು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿದರೆ ಮುಂದಿನ ಮಾಲೀಕರಿಗೂ ಉಪಕಾರವಾದೀತು.

ಗುರುತುಗಳೇ ಕಾಣದಿದ್ದರೆ, ಕೈಪಿಡಿ ಸಿಗದಿದ್ದರೆ, ವಿಶೇಷ ಲಾಕಿಂಗ್ ಉಪಕರಣ ಇಲ್ಲದಿದ್ದರೆ, ಅಥವಾ ಫೋರ್ಡ್ ಇಕೋಬೂಸ್ಟ್ 1.0 ಎಂಜಿನಿನ ಕೆಲವು ಮಾದರಿಗಳಂತೆ ಪಟ್ಟಿಯು ಆಯಿಲಿನೊಳಗೇ ಓಡುವಂಥದ್ದಾದರೆ, ಕೆಲಸವನ್ನು ಬಲ್ಲ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಜಾಣತನ. ಇದನ್ನು ಓದಿದವರು ಸ್ಪ್ಯಾನರ್ ಹಿಡಿಯಲೇಬೇಕೆಂದಿಲ್ಲ. ಗ್ಯಾರೇಜಿಗೆ ಹೋದಾಗ ‘ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದಿರಾ?’ ಎಂದು ಕೇಳಬಲ್ಲವರಾದರೂ ಸಾಕು.