ಕೆರೆ ಮೀನಿಗೂ ಊರಿನ ಕಾವಲು ಬೇಕು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ – ಈ ನಾಲ್ಕು ತಾಲೂಕಿನಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ನಮಗೆ ಮೀನು ಅಂದ್ರೆ ಕೆರೆ ಮೀನೇ. ಅದನ್ನು ಕಾಯಲು ಹಿಂದಿನವರು ಬೇರೆ ಕಾನೂನು ಮಾಡಲಿಲ್ಲ. ನೀರು ಕಾಯುವ ಕಟ್ಟಳೆಯೇ ಮೀನನ್ನೂ ಕಾಯುತ್ತಿತ್ತು.

ಮೊದಲನೆಯದು ನೀರುಗಂಟಿ. ತೂಬು ಎತ್ತುವುದು, ಮುಚ್ಚುವುದು, ಏರಿ ನೋಡಿಕೊಳ್ಳುವುದು ಅವರ ಕೆಲಸ. ಸುಗ್ಗಿಯಲ್ಲಿ ರೈತರು ಕಣದಲ್ಲೇ ಧಾನ್ಯ ಅಳೆದು ಕೊಡುತ್ತಿದ್ದರು. ದಿನಾ ಏರಿ ಮೇಲೆ ಒಬ್ಬರು ಇದ್ದರೆ ಕದ್ದು ಬಲೆ ಬೀಸೋದು ಸುಲಭ ಅಲ್ಲ.

ಎರಡನೆಯದು, ನೀರು ತೀರಾ ಇಳಿದಾಗ ತೂಬು ಮುಚ್ಚಿ ಉಳಿದದ್ದನ್ನು ದನಕರುಗಳಿಗೆ ಬಿಡುತ್ತಿದ್ದದ್ದು. ಮೀನಿಗೂ ಅದೇ ಆಸರೆ. ಬೇಸಿಗೆಯಲ್ಲಿ ಅದೂ ಬತ್ತುವಾಗ ತಮಟೆ ಹೊಡೆಸಿ, ದಿನ ಗೊತ್ತು ಮಾಡಿ, ಊರೋರೆಲ್ಲ ಒಟ್ಟಿಗೆ ಇಳಿಯೋದು. ಕೆಲವು ಊರಲ್ಲಿ ಹರಾಜು ಹಾಕಿ ದುಡ್ಡನ್ನು ದೇವಸ್ಥಾನಕ್ಕೋ ಕೆರೆ ಕೆಲಸಕ್ಕೋ ಬಳಸುತ್ತಿದ್ದರು. ಅದಕ್ಕೆ ಮುಂಚೆ ಕೈ ಹಾಕಿದರೆ ದಂಡ.

ಎಲ್ಲಾ ಹಿಡಿದರೆ ಮುಂದಿನ ವರ್ಷಕ್ಕೆ ಮೀನು ಎಲ್ಲಿಂದ? ನಮ್ಮ ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದು ಇವೆ. ಮೇಲಿನ ಕೆರೆ ಕೋಡಿ ಬಿದ್ದಾಗ ಮೀನು ಕೆಳಗಿನ ಕೆರೆಗೆ ಇಳಿಯುತ್ತೆ. ಹಾಗೇ, ಮೇಲಿನ ಕೆರೆ ಬರಿದು ಮಾಡಿದರೆ ಕೆಳಗಿನೋರಿಗೂ ನಷ್ಟ.

ಕೊರಮೀನು ನೋಡಿ. ಮಳೆಗಾಲದಲ್ಲಿ ಅಂಚಿನ ಜೊಂಡಿನಲ್ಲಿ ಮೊಟ್ಟೆ ಇಡುತ್ತೆ. ಕೆಂಪು ಮರಿಗಳು ಗುಂಪಾಗಿ ಮೇಲೆ ತೇಲುತ್ತವೆ, ತಾಯಿ ತಂದೆ ಕೆಳಗೆ ಕಾವಲಿರುತ್ತವೆ. ಆಗ ದೊಡ್ಡದನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ. ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡೋದಿಲ್ಲ, ಬಿತ್ತನೆ ಮರಿ ತಂದೇ ಬಿಡಬೇಕು.

ವಿಷ ಹಾಕಿ, ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು ಕಾಯಿದೆಯೇ ನಿಷೇಧಿಸಿದೆ. ಆದರೆ ಕಾಗದ ಕಾವಲು ಕಾಯೋದಿಲ್ಲ. ದೇವರ ಮೀನು ಅಂತ ಯಾರೂ ಮುಟ್ಟದ ದಕ್ಷಿಣ ಕನ್ನಡದ ಶಿಶಿಲದಲ್ಲೂ 1996ರಲ್ಲಿ ದುರುಳರು ವಿಷ ಹಾಕಿದರು, ರಾಶಿ ರಾಶಿ ಮೀನು ಸತ್ತವು. ನಮ್ಮ ಕೆರೆಗೆ ವಿಷ ಬಿದ್ದರೆ ಅದೇ ನೀರು ಕುಡಿಯುವ ದನಗಳ ಗತಿ ಏನು?

2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಮುಂದೆ ಹರಿದ ಕಡೆ ಬೇಸಿಗೆಯಲ್ಲೂ ನೀರು ನಿಲ್ಲತೊಡಗಿತು. ಕೆರೆ ಬತ್ತದಿದ್ದರೆ 'ಬತ್ತಿದಾಗ ಹಿಡಿ' ಅನ್ನೋ ಹಳೇ ಕಟ್ಟಳೆ ನಡೆಯೋದಿಲ್ಲ. ವರ್ಷವೆಲ್ಲಾ ಹಿಡಿಯೋ ಆಸೆ ಹುಟ್ಟುತ್ತೆ.

ಆದ್ದರಿಂದ ಗ್ರಾಮಸಭೆಯಲ್ಲಿ ಇಷ್ಟಾದರೂ ತೀರ್ಮಾನ ಆಗಲಿ:

1. ಮುಂಗಾರಿನ ಎರಡು ತಿಂಗಳು ಜೊಂಡಿನ ಅಂಚಿನಲ್ಲಿ, ಕಾಲುವೆ ಬಾಯಲ್ಲಿ ಬಲೆ ಬೇಡ.

2. ಮರಿ ಸಿಗುವ ಸಣ್ಣ ಕಣ್ಣಿನ ಬಲೆ ಕೂಡದು ಅಂತ ಹರಾಜಿನ ಕರಾರಿನಲ್ಲೇ ಬರೆಸಬೇಕು.

3. ಹರಾಜಿನ ದುಡ್ಡಿನಲ್ಲಿ ಮೊದಲ ಪಾಲು ಕೆರೆ ಕಾಯುವವರ ಸಂಬಳಕ್ಕೆ.

ಮೂರನೆಯದು ಆದರೆ ಮೊದಲೆರಡು ತಾವಾಗಿ ನಡೆಯುತ್ತವೆ. ಕಣದಲ್ಲಿ ಅಳೆದು ಕೊಡುತ್ತಿದ್ದ ಧಾನ್ಯದ ಲೆಕ್ಕವೂ ಇದೇ ಆಗಿತ್ತು.