ಪಂಚಾಂಗ, ಕಡಲು, ಕ್ಯಾಮರ

ರಜೆಯಲ್ಲಿ ಕಡಲತೀರಕ್ಕೆ ಹೋಗಿಬಂದ ಮನೆಗಳಲ್ಲಿ ಆಮೇಲಿನ ಒಂದು ವಾರ ಚಿತ್ರಪ್ರದರ್ಶನ ನಡೆಯುವುದುಂಟು. ಹಿಂದೆ ಆಲ್ಬಮ್ಮಿನ ಹಾಳೆ ತಿರುವುತ್ತಿದ್ದೆವು. ಈಗ ಫೋನಿನ ಗಾಜಿನ ಮೇಲೆ ಬೆರಳಾಡಿಸುತ್ತೇವೆ. ಸಾಧನ ಬದಲಾಯಿತು, ಚಿತ್ರ ಬದಲಾಗಲಿಲ್ಲ. ಸುಣ್ಣ ಬಳಿದಂಥ ಬಿಳಿಯ ಆಕಾಶ, ನೀರೆಲ್ಲ ಒಂದು ಕಡೆಗೆ ಸುರಿದುಹೋದೀತೇನೋ ಎಂಬಂತೆ ವಾಲಿದ ಸಮುದ್ರ, ಅದರ ಮುಂದೆ ಬಿಸಿಲಿಗೆ ಕಣ್ಣು ಕಿರಿದುಮಾಡಿ ನಿಂತ ಸಂಸಾರ. "ಅಲ್ಲಿ ನೋಡುವಾಗ ಎಷ್ಟು ಚೆನ್ನಾಗಿತ್ತು!" ಎಂದು ಮನೆಯವರೇ ಸಮಾಧಾನ ಹೇಳಿಕೊಳ್ಳಬೇಕಾಗುತ್ತದೆ.

ಇದಕ್ಕೆ ಕ್ಯಾಮರವನ್ನು ದೂರುವವರು ಬಹಳ. ಇನ್ನೂ ಹೆಚ್ಚಿನ ಬೆಲೆಯದನ್ನು ಕೊಂಡರೆ ಸರಿಹೋದೀತೆಂದು ಅವರ ನಂಬಿಕೆ. ಆದರೆ ಕಡಲ ಚಿತ್ರದ ಮುಕ್ಕಾಲು ಪಾಲು ಕೆಲಸ ಮನೆಯಿಂದ ಹೊರಡುವ ಮುಂಚೆ, ಗೋಡೆಗೆ ತೂಗುಹಾಕಿದ ಪಂಚಾಂಗದ ಮುಂದೆಯೇ ಆಗಿಹೋಗುತ್ತದೆಂದು ನಾನು ಹೇಳುತ್ತೇನೆ. ನೀವು ದಡದಲ್ಲಿ ನಿಲ್ಲುವ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ, ನೀರು ಎಲ್ಲಿರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಸಾಧಾರಣ ಕ್ಯಾಮರವೂ ಒಳ್ಳೆಯ ಚಿತ್ರ ಕೊಡುತ್ತದೆ.

ಮೊದಲು ಸೂರ್ಯನ ಮಾತು. ಕಾರವಾರದ ಆಚೆಯಿಂದ ಉಳ್ಳಾಲದ ಆಚೆಯವರೆಗೆ ೩೦೦ ಕಿಲೋಮೀಟರಿಗೂ ಮಿಕ್ಕಿ ಹಬ್ಬಿರುವ ನಮ್ಮ ಕರಾವಳಿ ಪಶ್ಚಿಮಾಭಿಮುಖ. ಸೂರ್ಯ ಹುಟ್ಟುವುದು ನಿಮ್ಮ ಬೆನ್ನ ಹಿಂದೆ, ಘಟ್ಟದ ಮೇಲೆ; ಮುಳುಗುವುದು ಕಣ್ಣೆದುರಿಗೆ, ನೀರಿನಲ್ಲಿ. ಆದ್ದರಿಂದ ಬೆಳಗಿನ ಬಿಸಿಲು ನಿಮ್ಮ ಹೆಗಲ ಮೇಲಿಂದ ಹಾದು ಸಮುದ್ರದ ಮೇಲೆ ಬೀಳುತ್ತದೆ. ನೀರಿನ ನೀಲಿ, ದೋಣಿಯ ಬಣ್ಣ, ಬಲೆ ಬಿಡಿಸುವವರ ಮುಖ ಎಲ್ಲವೂ ಆಗ ಸ್ಪಷ್ಟ. ಸಂಜೆ ಅದೇ ದೋಣಿ, ಅದೇ ಮನುಷ್ಯ ಬೆಳಕಿಗೆ ಅಡ್ಡನಿಂತ ಕಪ್ಪು ಆಕೃತಿ. ಎರಡೂ ಚೆಲುವೇ, ಆದರೆ ಸಂಜೆಯ ಹೊತ್ತು ಮುಳುಗುವ ಸೂರ್ಯನ ಮುಂದೆ ಮಕ್ಕಳನ್ನು ನಿಲ್ಲಿಸಿ ಅವರ ಮುಖವೂ ಕಾಣಬೇಕೆಂದರೆ ಆಗುವ ಮಾತಲ್ಲ. ಒಂದೋ ಕಪ್ಪು ಆಕೃತಿಗಳನ್ನೇ ಒಪ್ಪಿಕೊಳ್ಳಿ, ಇಲ್ಲವೇ ನೀವು ನೀರಿನ ಕಡೆಗೆ ಬಂದು ಮಕ್ಕಳು ಸೂರ್ಯನನ್ನು ನೋಡುವಂತೆ ನಿಲ್ಲಿಸಿ. ಆ ಹೊತ್ತಿನ ಹೊಂಬೆಳಕು ಮುಖದ ಮೇಲೆ ಬಿದ್ದಾಗ ಬರುವ ಚಿತ್ರವನ್ನು ಯಾವ ಸ್ಟೂಡಿಯೋದ ದೀಪವೂ ಕೊಡಲಾರದು.

ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ. ಡಿಸೆಂಬರ್ ಕೊನೆಯ ಭಾಗದಲ್ಲಿ ನೇರ ಪಶ್ಚಿಮದಿಂದ ಸುಮಾರು ೨೪ ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ. ತೋಳನ್ನು ನೀಳವಾಗಿ ಚಾಚಿ ಮುಷ್ಟಿ ಕಟ್ಟಿದರೆ ಮುಷ್ಟಿಯ ಅಗಲ ಸುಮಾರು ೧೦ ಡಿಗ್ರಿ. ಅಂದರೆ ಎರಡು ಅಯನಗಳ ನಡುವೆ ಸೂರ್ಯ ಹತ್ತಿರ ಹತ್ತಿರ ಐದು ಮುಷ್ಟಿಗಳಷ್ಟು ಜಾಗ ಬದಲಿಸುತ್ತಾನೆ. ಕಳೆದ ಯುಗಾದಿಗೆ ಬಂಡೆಯ ಹಿಂದೆ ಮುಳುಗಿದವನು ಈ ಕ್ರಿಸ್‌ಮಸ್ ರಜೆಯಲ್ಲಿ ಅಲ್ಲೇ ಸಿಗುವನೆಂದು ಕಾಯಬಾರದು. ಇದೇ ಮುಷ್ಟಿ ಗಡಿಯಾರವೂ ಹೌದು. ಸೂರ್ಯನಿಗೂ ದಿಗಂತಕ್ಕೂ ನಡುವೆ ಒಂದು ಮುಷ್ಟಿ ಹಿಡಿಸಿದರೆ ನಮ್ಮ ಅಕ್ಷಾಂಶದಲ್ಲಿ ಅಸ್ತಕ್ಕೆ ಇನ್ನು ಸುಮಾರು ೪೦ ನಿಮಿಷ. ಬಿಂಬ ನೀರಿಗೆ ತಾಗಿದ ಮೇಲೆ ಪೂರ್ತಿ ಅಡಗುವುದಕ್ಕೆ ಎರಡು ನಿಮಿಷದ ಮೇಲೆ ಸ್ವಲ್ಪ, ಅಷ್ಟೆ. ಲೆನ್ಸು ಹುಡುಕುವ ಸಮಯ ಅದಲ್ಲ. ಆದರೆ ಅಸ್ತವಾದ ಕೂಡಲೇ ಜನರೆಲ್ಲ ಚುರುಮುರಿ ಗಾಡಿಯತ್ತ ನಡೆದಾಗ ನೀವು ಅಲ್ಲೇ ಇರಿ. ಮುಂದಿನ ೧೫–೨೦ ನಿಮಿಷ ಮೋಡಗಳ ಅಡಿಭಾಗಕ್ಕೆ ಬರುವ ಕೆಂಪು, ಅದಕ್ಕಿಂತ ಮುಂಚೆ ಬಂದುದೆಲ್ಲಕ್ಕಿಂತ ಮೇಲು.

ಇನ್ನು ನೀರಿನ ವಿಷಯ. ಘಟ್ಟದ ಮೇಲಿನ ನಾವು ಇದನ್ನು ಗಮನಿಸುವುದು ಕಡಿಮೆ. ಕರಾವಳಿಯ ಮೀನುಗಾರರಿಗೆ ಇದು ಉಸಿರಾಟದಷ್ಟು ಪರಿಚಿತ. ದಿನಕ್ಕೆ ಎರಡು ಭರತ, ಎರಡು ಇಳಿತ. ಚಂದ್ರ ತಾನು ನಿನ್ನೆ ಇದ್ದ ಜಾಗಕ್ಕೆ ಬರುವುದಕ್ಕೆ ೨೪ ಗಂಟೆ ೫೦ ನಿಮಿಷ ಬೇಕಾದುದರಿಂದ ಭರತವೂ ದಿನದಿನಕ್ಕೆ ಸುಮಾರು ೫೦ ನಿಮಿಷ ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಮಂದ. ಈ ಲೆಕ್ಕದಿಂದ ಒಂದು ದೊಡ್ಡ ಅನುಕೂಲವಿದೆ. ಒಂದು ಊರಿನಲ್ಲಿ ಒಂದು ತಿಥಿಯ ಭರತ ಹೆಚ್ಚುಕಡಮೆ ಒಂದೇ ಗಂಟೆಗೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಸ್ಥೂಲವಾಗಿ ಅಮಾವಾಸ್ಯೆ ಹುಣ್ಣಿಮೆಗಳಂದು ಭರತ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಇಳಿತ ಸಂಜೆಯ ಹೊತ್ತಿಗೆ. ಹಾಗಾಗಿ ಈ ಎರಡು ತಿಥಿಗಳಿಂದ ತದಿಗೆಯವರೆಗಿನ ಸಂಜೆಗಳಲ್ಲಿ ಸೂರ್ಯಾಸ್ತವೂ ನೀರಿನ ಇಳಿತವೂ ಆಸುಪಾಸಿನಲ್ಲೇ ಬೀಳುತ್ತವೆ. ಆಗ ಬಂಡೆಗಳು ಬುಡದವರೆಗೆ ಬಯಲಾಗುತ್ತವೆ. ಒದ್ದೆಮರಳು ನೂರಾರು ಅಡಿ ಉದ್ದಕ್ಕೆ ಕನ್ನಡಿಯಂತೆ ಹರಡಿ ಆಕಾಶದ ಬಣ್ಣವನ್ನು ಕೆಳಗೂ ತೋರಿಸುತ್ತದೆ. ಅಷ್ಟಮಿಯ ಸಂಜೆ ಹೋದರೆ ಅದೇ ಜಾಗದಲ್ಲಿ ನೀರು ದಡಕ್ಕೆ ತಾಗಿ ನಿಂತಿರುತ್ತದೆ, ಕನ್ನಡಿ ಇಲ್ಲ. ಇದು ಅಂದಾಜಿನ ಲೆಕ್ಕ. ನಿಖರವಾದ ಗಂಟೆ ಬೇಕಾದರೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಪ್ರಕಟಿಸುವ ಭರತ–ಇಳಿತಗಳ ಕೋಷ್ಟಕ ಉಂಟು. ಅದಕ್ಕಿಂತ ಸುಲಭ, ಬಂದರಿನಲ್ಲಿ ಯಾರಾದರೂ ಹಿರಿಯ ಮೀನುಗಾರರನ್ನು ಕೇಳುವುದು.

ಇಷ್ಟು ಹೇಳಿದ ಮೇಲೆ ಒಂದು ಕಟ್ಟುನಿಟ್ಟಿನ ಮಾತು. ಪ್ರತಿ ವರ್ಷವೂ ನಮ್ಮ ತೀರದಲ್ಲಿ ಚಿತ್ರಕ್ಕಾಗಿ ಬಂಡೆ ಏರಿದವರು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಸುದ್ದಿಯನ್ನು ನೀವು ಕೇಳಿಯೇ ಇದ್ದೀರಿ. ಅವರಲ್ಲಿ ಬಹುಮಂದಿ ಒಳನಾಡಿನವರು, ಈಜು ಬಲ್ಲವರೂ ಇದ್ದಾರೆ. ಬಂಡೆಗೆ ಕಾಲಿಡುವ ಮೊದಲು ಕಾಲುಗಂಟೆ ಸುಮ್ಮನೆ ನಿಂತು ನೋಡಿ. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಹತ್ತಾರು ಸಣ್ಣವಾದ ಮೇಲೆ ಎರಡು ಮೂರು ದೊಡ್ಡವು ಒಟ್ಟಿಗೆ ಬರುತ್ತವೆ. ಬಂಡೆ ಎಲ್ಲಿಯವರೆಗೆ ಒದ್ದೆಯಾಗಿ ಕಪ್ಪಾಗಿದೆಯೋ ಅಲ್ಲಿಯವರೆಗೆ ನೀರು ಬಂದಿತ್ತು, ಮತ್ತೆ ಬರುತ್ತದೆ. ಹಸಿರು ಪಾಚಿಯ ಮೇಲೆ ಯಾವ ಬೂಟೂ ನಿಲ್ಲದು. ಕಡಲಿಗೆ ಬೆನ್ನುಕೊಟ್ಟು ಚಿತ್ರಕ್ಕೆ ನಿಲ್ಲುವ ಅಭ್ಯಾಸವಂತೂ ಬೇಡವೇ ಬೇಡ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಗಾಳಿಯೂ ಇಲ್ಲದ, ಬಿಸಿಲು ಕಾಯುವ ದಿನ ಇದ್ದಕ್ಕಿದ್ದಂತೆ ಕಡಲು ಉಕ್ಕುವುದುಂಟು. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ದಿನಗಟ್ಟಲೆ ಪ್ರಯಾಣಮಾಡಿ ಇಲ್ಲಿಗೆ ತಲಪುವುದೇ ಅದರ ಕಾರಣ. ಕೇರಳದ ಬೆಸ್ತರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವಾ ಕೇಂದ್ರವೂ ತನ್ನ ಎಚ್ಚರಿಕೆಗಳಲ್ಲಿ ಅದೇ ಹೆಸರನ್ನು ಬಳಸುತ್ತದೆ. ಮೀನುಗಾರರಿಗೆಂದು ಕೊಡುವ ಹವಾಮಾನ ಸೂಚನೆ ಕ್ಯಾಮರ ಹಿಡಿದವರಿಗೂ ಅನ್ವಯಿಸುತ್ತದೆ. ಅಂಥ ಸೂಚನೆ ಇದ್ದ ದಿನ ರಸ್ತೆಯ ಮೇಲಿಂದಲೇ ಚಿತ್ರ ತೆಗೆಯಿರಿ.

ಹಾಗೆ ನಿಂತು ತೆಗೆಯುವುದಕ್ಕೆ ಮರವಂತೆಗಿಂತ ಉತ್ತಮವಾದ ರಸ್ತೆ ನನಗೆ ತಿಳಿದಂತೆ ಬೇರೊಂದಿಲ್ಲ. ಕುಂದಾಪುರದ ಉತ್ತರಕ್ಕೆ ೬೬ನೆಯ ರಾಷ್ಟ್ರೀಯ ಹೆದ್ದಾರಿ ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರವನ್ನೂ ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆಯನ್ನೂ ಇಟ್ಟುಕೊಂಡು ಸಾಗುತ್ತದೆ. ಪೂರ್ವಕ್ಕೆ ಕೊಡಚಾದ್ರಿಯ ಸಾಲು. ಬೆಳಿಗ್ಗೆ ನದಿಯ ಕಡೆಗೆ ತಿರುಗಿ, ಸಂಜೆ ಕಡಲಿನ ಕಡೆಗೆ. ಹುಣ್ಣಿಮೆಯ ಸಂಜೆ ಎರಡೂ ಕಡೆಗೆ ತಿರುಗಬೇಕು. ಇತ್ತ ಸೂರ್ಯ ನೀರಿಗಿಳಿಯುವ ಹೊತ್ತಿಗೆ ಅತ್ತ ಚಂದ್ರ ಬೆಟ್ಟದ ಬೆನ್ನಿನಿಂದ ಏಳುತ್ತಾನೆ. ಚಂದ್ರನ ಚಿತ್ರವೇ ಬೇಕಾದವರು ಒಂದು ದಿನ ಮೊದಲು, ಚತುರ್ದಶಿಗೆ ಹೋಗಲಿ. ಅಂದು ಅಸ್ತಕ್ಕೆ ಮುನ್ನವೇ ಚಂದ್ರೋದಯವಾಗುವುದರಿಂದ ನದಿ, ತೆಂಗು, ಬೆಟ್ಟಗಳ ಮೇಲೆ ಇನ್ನೂ ಬೆಳಕಿರುತ್ತದೆ. ಹುಣ್ಣಿಮೆಯ ರಾತ್ರಿ ತೆಗೆದರೆ ಕಪ್ಪು ಹಾಳೆಯ ಮೇಲೆ ಒಂದು ಬಿಳಿಯ ಗುಂಡಿ, ಅಷ್ಟೇ ಉಳಿಯುತ್ತದೆ. ವಾಹನಗಳ ಭರಾಟೆ ಅಲ್ಲಿ ವಿಪರೀತ. ರಸ್ತೆ ದಾಟುವಾಗ ಕಣ್ಣು ಚಂದ್ರನ ಮೇಲಿರಬಾರದು.

ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳದು ಬೇರೆ ಸಮಸ್ಯೆ. ಸುಮಾರು ೮.೮ ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಆರುವಾಗ ಬಿರಿದು, ಬಡಗಿ ಕಡೆದು ನಿಲ್ಲಿಸಿದಂಥ ಐದು, ಆರು, ಏಳು ಮೂಲೆಯ ಕಂಬಗಳಾಗಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಇದನ್ನು ಘೋಷಿಸಲಾಗಿದೆ. ದೋಣಿಗಳು ಹಗಲಿನಲ್ಲಿ ಮಾತ್ರ. ಮಳೆಗಾಲದಲ್ಲಿ ಅದೂ ಇಲ್ಲ. ನಡುಹಗಲಿನ ಬಿಸಿಲಿನಲ್ಲಿ ಈ ಕಂಬಗಳು ಚಪ್ಪಟೆಯಾಗಿ ಇಟ್ಟಿಗೆ ರಾಶಿಯಂತೆ ಕಾಣುತ್ತವೆ. ಬಿಸಿಲು ಓರೆಯಾಗಿ ಬಿದ್ದು ಒಂದೊಂದು ಮೂಲೆಗೂ ಒಂದು ನೆರಳು ಬಂದಾಗಲೇ ಅವುಗಳ ಆಕಾರ ಮೂಡುವುದು. ಆದ್ದರಿಂದ ಮೊದಲ ದೋಣಿಗೆ ಹೋಗಿ, ಅಥವಾ ಕೊನೆಯದಕ್ಕೆ ಮರಳಿ. ಕಾಪುವಿನಲ್ಲಿ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ. ಎಲ್ಲರೂ ಅದರ ಬುಡದಿಂದ ಮೇಲ್ಮುಖವಾಗಿ ತೆಗೆಯುತ್ತಾರೆ. ಮರಳಿನ ಮೇಲೆ ಕಾಲು ಮೈಲಿ ದೂರ ನಡೆದು ತಿರುಗಿ ನೋಡಿದರೆ ಬಂಡೆಗೂ ಸ್ತಂಭಕ್ಕೂ ಕಡಲಿಗೂ ಇರುವ ಸಂಬಂಧ ಆಗ ತಿಳಿಯುತ್ತದೆ.

ಬೆಳಕಿನ ಅಳತೆಯ ವಿಚಾರದಲ್ಲಿ ಕಡಲು ಮೊದಲಿನಿಂದಲೂ ತೊಂದರೆ ಕೊಟ್ಟಿದೆ. ಆಕಾಶಕ್ಕೆ ಸರಿಯಾಗಿ ತೆಗೆದರೆ ನೀರು ಕಪ್ಪು. ನೀರಿಗೆ ಸರಿಯಾಗಿ ತೆಗೆದರೆ ಆಕಾಶ ಬರಿಯ ಬಿಳುಪು. ೧೮೫೬–೫೭ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತ ಇದಕ್ಕೊಂದು ಉಪಾಯ ಹೂಡಿದ. ಆಕಾಶಕ್ಕೊಂದು, ಸಮುದ್ರಕ್ಕೊಂದು ನೆಗೆಟಿವ್ ಮಾಡಿ ಎರಡನ್ನೂ ದಿಗಂತದ ಗೆರೆಯಲ್ಲಿ ಸೇರಿಸಿ ಒಂದೇ ಚಿತ್ರವಾಗಿ ಅಚ್ಚುಹಾಕಿದ. ಈಗ ನಿಮ್ಮ ಫೋನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಡುವುದೂ ಇಂಥದೇ ಕೆಲಸ. ಕೆಲವೊಮ್ಮೆ ಅತಿಯಾಗಿ ಮಾಡಿ ಸಂಜೆಯನ್ನು ಮಧ್ಯಾಹ್ನ ಮಾಡಿಬಿಡುತ್ತದೆ. ಆಗ ಸೂರ್ಯನ ಪಕ್ಕದ ಆಕಾಶವನ್ನು ಬೆರಳಿನಿಂದ ಮುಟ್ಟಿ ಬೆಳಕನ್ನು ಒಂದಿಷ್ಟು ತಗ್ಗಿಸಿ. ಕ್ಯಾಮರದವರಿಗೆ ಹಳೆಯ ಸೂತ್ರವೇ ಸಾಕು. ನಿಚ್ಚಳ ಬಿಸಿಲಿನಲ್ಲಿ ಎಫ್ ೧೬, ಐ.ಎಸ್.ಓ. ೧೦೦ ಇದ್ದರೆ ಸೆಕೆಂಡಿನ ನೂರನೆಯ ಒಂದು ಭಾಗ. ಬೆಳ್ಳಗಿನ ಮರಳು ಥಳಥಳಿಸುವಲ್ಲಿ ಒಂದು ಮೆಟ್ಟಿಲು ಕಡಿಮೆ. ಧ್ರುವೀಕರಣದ ಫಿಲ್ಟರನ್ನು ಸೂರ್ಯನಿಗೆ ಲಂಬವಾದ ದಿಕ್ಕಿನಲ್ಲಿ ತಿರುಗಿಸಿ ನೋಡಿದರೆ ಆಕಾಶದ ನೀಲಿ ಗಾಢವಾಗುತ್ತದೆ. ಸೂರ್ಯನನ್ನು ಮಾತ್ರ ದೂರದ ಲೆನ್ಸಿನ ಕಿಂಡಿಯಲ್ಲಿ ಕಣ್ಣಿಟ್ಟು ನೋಡಬೇಡಿ.

ಅಲೆಯನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಲು ಸೆಕೆಂಡಿನ ೫೦೦ನೆಯ ಒಂದು ಭಾಗ ಬೇಕು. ಅರ್ಧ ಸೆಕೆಂಡು ಕೊಟ್ಟರೆ ಹಿಂದಕ್ಕೆ ಸರಿಯುವ ನೀರು ಮರಳಿನ ಮೇಲೆ ಗೆರೆ ಎಳೆಯುತ್ತದೆ. ಇದು ನನಗೆ ಬಹಳ ಪ್ರಿಯ. ಅರ್ಧ ನಿಮಿಷ ಕೊಟ್ಟು ಕಡಲನ್ನೆಲ್ಲ ಹಾಲು ಮಾಡುವುದು ಈಚೆಗೆ ಹೆಚ್ಚಾಗಿದೆ. ಕ್ಷೀರಸಾಗರ ಪುರಾಣದಲ್ಲೇ ಇರಲಿ ಎಂಬುದು ನನ್ನ ಕೋರಿಕೆ. ದಿಗಂತದ ಗೆರೆ ನೆಟ್ಟಗಿರಲಿ, ಮತ್ತು ಅದು ಯಾರ ಕತ್ತನ್ನೂ ಕುಯ್ಯದಂತೆ ನೀವು ಸ್ವಲ್ಪ ಬಗ್ಗಿ ಅಥವಾ ಏರಿ ನಿಲ್ಲಿ.

ದಡದ ಮೇಲೆ ಜನರೂ ಇರುತ್ತಾರೆ. ಹತ್ತಾರು ಮಂದಿ ಎರಡು ಸಾಲಾಗಿ ನಿಂತು ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆ ೧೯೭೦ರ ದಶಕದಲ್ಲಿ ಯಂತ್ರದೋಣಿಗಳ ದೊಡ್ಡ ಬಲೆಗಳು ಬಂದ ಮೇಲೆ ಹಿಂದೆ ಸರಿಯಿತು. ಸಣ್ಣ ಕೈರಂಪಣಿ ಈಗಲೂ ಕಾಣಸಿಗುತ್ತದೆ. ಅದನ್ನು ಎಳೆಯುತ್ತಿರುವವರು ದುಡಿಮೆಯಲ್ಲಿದ್ದಾರೆ. ಕೇಳಿ ತೆಗೆಯಿರಿ, ಹಗ್ಗಕ್ಕೆ ಅಡ್ಡ ನಿಲ್ಲಬೇಡಿ. ಚಿತ್ರದ ಪ್ರತಿ ಕಳಿಸುತ್ತೇನೆಂದು ಹೇಳಿದರೆ ಕಳಿಸಿ. ಹೇಳಿ ಕಳಿಸದವರ ಸಂಖ್ಯೆ ಅಲ್ಲಿಯವರಿಗೆ ಚೆನ್ನಾಗಿ ನೆನಪಿದೆ.

ಮನೆಗೆ ಬಂದೊಡನೆ ಉಪ್ಪಿನ ಕೆಲಸ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮರದ ಮೈಯನ್ನು ಒರೆಸಿ. ಸ್ಟ್ಯಾಂಡಿನ ಕಾಲುಗಳನ್ನು ಬಿಚ್ಚಿ ತೊಳೆದು ಒಣಗಿಸಿ. ಲೆನ್ಸಿನ ಮೇಲೆ ಮರಳಿದ್ದರೆ ಊದುಕದಿಂದ ಹಾರಿಸದೆ ಬಟ್ಟೆ ತಾಗಿಸಕೂಡದು. ಮಳೆಗಾಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡದಿದ್ದರೆ ಗಾಜಿನೊಳಗೆ ಬೂಷ್ಟು ಬೇರುಬಿಡುತ್ತದೆ.

ಕೊನೆಯದಾಗಿ ಒಂದು ಕೆಲಸವನ್ನು ನಿಮಗೆ ಒಪ್ಪಿಸಬೇಕಾಗಿದೆ. ನಮ್ಮ ಕರಾವಳಿಯ ಅನೇಕ ಕಡೆ ಕಡಲು ದಡವನ್ನು ಕೊರೆಯುತ್ತಿದೆ. ಉಳ್ಳಾಲದಲ್ಲಿ ಮನೆಗಳೂ ತೆಂಗಿನ ಮರಗಳೂ ಹೋಗಿವೆ. ಮರವಂತೆಯಲ್ಲಿ ಕೊರೆತ ತಡೆಯಲು ಹಾಕಿದ ಕಲ್ಲಿನ ದಿಣ್ಣೆಗಳು ಈಗ ಚಿತ್ರದೊಳಗೇ ಬರುತ್ತವೆ. ಅವನ್ನು ತಪ್ಪಿಸಿ ಚಿತ್ರ ತೆಗೆಯಲು ಹಲವರು ಹೆಣಗುತ್ತಾರೆ. ಒಂದು ಚಿತ್ರದಲ್ಲಾದರೂ ಅವು ಇರಲಿ. ಅಲುಗದ ಗುರುತೊಂದನ್ನು, ದೇವಸ್ಥಾನದ ಮೆಟ್ಟಿಲನ್ನೋ ಮೈಲಿಗಲ್ಲನ್ನೋ, ಆರಿಸಿಕೊಂಡು ಪ್ರತಿ ವರ್ಷ ಅದರ ಪಕ್ಕದಲ್ಲೇ ನಿಂತು, ಅದೇ ತಿಥಿಯಲ್ಲಿ, ನೀರು ಇಳಿದ ಹೊತ್ತಿನಲ್ಲಿ ಒಂದೇ ದಿಕ್ಕಿಗೆ ಒಂದು ಚಿತ್ರ ತೆಗೆಯಿರಿ. ತಿಥಿ ಒಂದೇ ಇದ್ದರೆ ನೀರಿನ ಮಟ್ಟ ಹೆಚ್ಚುಕಡಮೆ ಒಂದೇ ಇರುತ್ತದೆ. ಮರಳು ಎಷ್ಟು ಸರಿಯಿತೆಂಬುದು ಆಗ ಕಾಣುತ್ತದೆ. ಚಿತ್ರದ ಜೊತೆಗೆ ಊರು, ತಾರೀಖು, ತಿಥಿ, ಗಂಟೆ, ನಿಂತ ಜಾಗ ಇಷ್ಟನ್ನು ಬರೆದಿಡಿ. ಫೋನಿನ ಚಿತ್ರವಾದರೆ ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ.